ಇಲ್ಲದ ಕಲ್ಲು

ಅಂಗಡಿಯ ಮೇಲಿನ ಮನೆ,
ಎಂಟನೇ ತಾರೀಖು, ಭಾನುವಾರ, ಬೆಳಗಿನ ಹೊತ್ತು

ಪ್ರೀತಿಯ ಪುಟ್ಟಿ,

ಹೇಗಿದ್ದೀಯಮ್ಮ? ಮಂಡಿ ನೋವು ಎಲ್ಲಿಗೆ ಬಂತು? ಲ್ಯಾಬಿನ ಮೆಟ್ಟಿಲು ಹತ್ತುವಾಗ ನೋವಿಲ್ಲದ ಕಾಲನ್ನು ಮೊದಲು ಇಡು ಎಂದಿದ್ದೆ, ಹಾಗೇ ಮಾಡುತ್ತಿದ್ದೀಯ ತಾನೆ? ನಿದ್ದೆಯಲ್ಲಿ ಉಸಿರು ಕಟ್ಟದಿರಲಿ ಎಂದು ಡಾಕ್ಟರು ಕೊಟ್ಟ ಆ ಮೂಗಿನ ಯಂತ್ರವನ್ನು ಹಾಕಿಕೊಂಡು ಮಲಗುತ್ತೀಯೋ, ಇಲ್ಲ ಅದನ್ನೇ ಮಂಚದ ಕೆಳಗೆ ಮಲಗಿಸಿದ್ದೀಯೋ? ನಾನೂ ಒಂದು ಕಾಲಕ್ಕೆ ಹಾಗೆ ಮಲಗಿಸಿದವನೇ, ಅದಕ್ಕೇ ಕೇಳಿದೆ. ಮಕ್ಕಳು, ನಿನ್ನ ಯಜಮಾನರು, ನಿಮ್ಮತ್ತೆ ಎಲ್ಲರೂ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಇಲ್ಲಿ ನಿನ್ನ ಅತ್ತಿಗೆಗೆ ನೆಗಡಿ, ನನಗೆ ಅವಳ ನೆಗಡಿಯ ಬೈಗುಳ, ಉಳಿದಂತೆ ಕ್ಷೇಮ. ಅಂಗಡಿ ನಡೆಯುತ್ತಿದೆ. ಜನ ಇರುವ ತನಕ ಕೂರುವುದು ತಪ್ಪದು, ಕೂರುವ ತನಕ ಕುರ್ಚಿ ಮುರಿಯುವುದು ತಪ್ಪದು, ಮುರಿದದ್ದನ್ನು ಕೊಂಡು ನೆಟ್ಟಗೆ ಮಾಡಿ ಮಾರುವ ನನ್ನಂಥವನಿಗೆ ಅನ್ನ ತಪ್ಪದು. ತಳ್ಳುಗಾಡಿಯಲ್ಲಿ ಮುರುಕಲು ಸ್ಟೂಲು ಹೇರಿಕೊಂಡು ಬೀದಿ ಬೀದಿ ಕೂಗುತ್ತಿದ್ದಾಗಲೂ ಇದೇ ಲೆಕ್ಕ ಇತ್ತು, ಈಗ ಎರಡು ಅಂತಸ್ತಿನ ಅಂಗಡಿಯಾದ ಮೇಲೂ ಇದೇ ಲೆಕ್ಕ.

ವಿಷಯಕ್ಕೆ ಬರುತ್ತೇನೆ. ಹೋದ ವಾರ ನೀನು ಫೋನು ಮಾಡಿ, ಉಸಿರು ತೆಗೆದುಕೊಳ್ಳದೆ ಮೂರು ಮಾತು ಹೇಳಿ ಇಟ್ಟುಬಿಟ್ಟೆ. ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ನಿಗೆ ಇದೇ ಇಪ್ಪತ್ತನೇ ತಾರೀಖು ಗೊತ್ತಾಗಿದೆ. ಮನೆಯಲ್ಲೂ ಲ್ಯಾಬಿನಲ್ಲೂ ಪಿತ್ತಕೋಶದ ಕಲ್ಲು ಎಂದು ಹೇಳಿದ್ದೀಯ. ಯಾರಾದರೂ ಕೇಳಿದರೆ ನಾನೂ ಕಲ್ಲು ಎಂದೇ ಹೇಳಬೇಕು. ಆಮೇಲಿಂದ ನನ್ನ ಫೋನನ್ನು ನೀನು ಎತ್ತುತ್ತಿಲ್ಲ. ಎತ್ತಿದ ಒಂದು ಸಲವೂ ಸಿಗ್ನಲ್ ಇಲ್ಲ ಎಂದು ನನಗೆ ಸ್ಪಷ್ಟವಾಗಿ ಕೇಳಿಸುವ ಹಾಗೆ ಹೇಳಿದೆ. ಕಾಗದಕ್ಕೆ ಸಿಗ್ನಲ್ ಬೇಡ. ಮನೆಗೆ ಕಳಿಸಿದರೆ ಯಾರ ಕೈಗೆ ಸಿಗುತ್ತದೋ ಎಂದು ಲ್ಯಾಬಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಊಟದ ಬಿಡುವಿನಲ್ಲಿ, ಬಾಗಿಲು ಹಾಕಿಕೊಂಡು ಓದು. ಆಪರೇಷನ್ ಬೇಡ ಎನ್ನಲು ಬರೆಯುತ್ತಿದ್ದೇನೆ ಎಂದು ಹೆದರಬೇಡ. ಅದು ನೀನು ಅಳೆದು ತೂಗಿ ತೆಗೆದುಕೊಂಡ ತೀರ್ಮಾನ; ನಿನ್ನ ಸಕ್ಕರೆ, ಮಂಡಿ, ಉಸಿರು ಮೂರೂ ಅದಕ್ಕೆ ಸಹಿ ಹಾಕಿವೆ. ನನ್ನ ತಕರಾರು ಇರುವುದು ಕಲ್ಲಿನ ಮೇಲೆ ಮಾತ್ರ. ಇಲ್ಲದ ಕಲ್ಲನ್ನು ಹೊತ್ತುಕೊಂಡು ಆಸ್ಪತ್ರೆಯಿಂದ ಮನೆಗೆ ಬರಬೇಡ ಎನ್ನುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಯಾಕೆ ಮುಚ್ಚಿಡುತ್ತಿದ್ದೀಯ ಎನ್ನುವುದು ನನಗೆ ಗೊತ್ತಿಲ್ಲವೆ? ಮೂರು ವರ್ಷದ ಹಿಂದೆ ನಾನು ಇದೇ ಆಪರೇಷನ್ ಮಾಡಿಸಿಕೊಂಡು ನಿಮ್ಮ ಮನೆಗೆ ಬಂದಾಗ, ನಿಮ್ಮತ್ತೆ ನನ್ನ ಮುಂದೆ ತಟ್ಟೆ ಇಟ್ಟು, ನನ್ನ ನಾಲ್ಕು ಚಮಚದ ಊಟವನ್ನು ನೋಡಿ, ಗೋಡೆಗೆ ಹೇಳುವಂತೆ ಹೇಳಿದ್ದರು: "ಬಾಯಿ ಕಟ್ಟೋಕಾಗದೋರು ಹೊಟ್ಟೆ ಕೊಯ್ಸಿಕೊಳ್ತಾರೆ." ನಾನು ನಕ್ಕೆ. ವ್ಯಾಪಾರಸ್ಥನ ಚರ್ಮ, ಮಾತು ತಾಕಿದರೂ ಗೀರು ಬೀಳುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನೀನು ನಗಲಿಲ್ಲ. ಮಾತು ಎಸೆದದ್ದು ನನ್ನ ಮೇಲೆ, ಹೋಗಿ ಇಳಿದದ್ದು ನಿನ್ನೊಳಗೆ. ಅದರ ಜೊತೆಗೆ ಲ್ಯಾಬಿನವರ ಹೆದರಿಕೆ. ದಿನವೂ ಊರವರ ರಕ್ತ ತೆಗೆದು ಸಕ್ಕರೆ ಇಷ್ಟು ಕೊಬ್ಬು ಇಷ್ಟು ಎಂದು ಬರೆದುಕೊಡುವವಳು ತನ್ನದನ್ನು ಕಾಯ್ದುಕೊಳ್ಳಲಿಲ್ಲ ಎನ್ನುತ್ತಾರೆ ಎಂದು. ದಪ್ಪಗಿರುವವರ ಸಂಕಟ ಇದು ನೋಡು: ಸುಮ್ಮನಿದ್ದರೆ ಬಾಯಿ ಕಟ್ಟು ಎನ್ನುತ್ತಾರೆ, ದಾರಿ ಹುಡುಕಿಕೊಂಡರೆ ಅಡ್ಡದಾರಿ ಹಿಡಿದರು ಎನ್ನುತ್ತಾರೆ. ನಿನ್ನನ್ನು ಪುಟ್ಟಿ ಎಂದು ನಾನು ಕೂಗಿದಾಗಲೆಲ್ಲ ನೆಂಟರ ಮನೆಗಳಲ್ಲಿ ಎದ್ದ ನಗುವನ್ನು ನೀನು ಕೇಳಿದ್ದೀಯ, ನಾನೂ ಕೇಳಿದ್ದೇನೆ. ಆದರೂ ಆ ಹೆಸರು ಬಿಡಲಿಲ್ಲ. ಅವರ ನಗುವಿಗೆ ನನ್ನ ತಂಗಿಯ ಹೆಸರನ್ನು ಯಾಕೆ ಬಿಟ್ಟುಕೊಡಲಿ?

ನಮ್ಮ ಶನಿವಾರದ ಕೂಟದ ಬಗ್ಗೆ ನಿನಗೆ ಅರ್ಧ ಗೊತ್ತು, ಇನ್ನರ್ಧ ಹೇಳಲು ನೀನು ಬಿಟ್ಟಿಲ್ಲ. ಈ ಆಪರೇಷನ್ ಆದವರು, ಆಗಬೇಕಾದವರು ಸೇರಿ ಕೂತು ಮಾತಾಡುವುದು, ಅಷ್ಟೇ. ಮೊದಲು ಆಸ್ಪತ್ರೆಯ ಮೀಟಿಂಗ್ ಕೋಣೆಯಲ್ಲಿ ಸೇರುತ್ತಿದ್ದೆವು. ಅಲ್ಲಿದ್ದದ್ದೆಲ್ಲ ಕೈಯಿರುವ ಪ್ಲಾಸ್ಟಿಕ್ ಕುರ್ಚಿ. ಹೊಸದಾಗಿ ಬಂದವರು ಆ ಎರಡು ಕೈಗಳ ನಡುವಿನ ಜಾಗವನ್ನು ಒಮ್ಮೆ, ತಮ್ಮನ್ನು ಒಮ್ಮೆ ನೋಡಿಕೊಂಡು, ಬೆಳಗಿನಿಂದ ಕೂತು ಕೂತು ಸಾಕಾಗಿದೆ, ನಿಂತೇ ಇರುತ್ತೇವೆ ಎನ್ನುತ್ತಿದ್ದರು. ಧೈರ್ಯ ಹೇಳುವ ಸಭೆಯಲ್ಲಿ ಧೈರ್ಯ ಬೇಕಾದವರೇ ಗೋಡೆಗೆ ಒರಗಿ ನಿಂತಿರುವುದನ್ನು ಒಬ್ಬ ಕುರ್ಚಿ ವ್ಯಾಪಾರಿ ಎಷ್ಟು ದಿನ ನೋಡಿಯಾನು? ನನ್ನ ಅಂಗಡಿಯ ಹಿಂದಿನ ಹಾಲಿಗೇ ಬನ್ನಿ ಎಂದೆ. ಕೈಯಿಲ್ಲದ ಗಟ್ಟಿ ಮರದ ಕುರ್ಚಿಗಳು, ಎರಡು ಬೆಂಚು; ಒಂದೊಂದರ ಮೇಲೂ ನಾನು, ನನ್ನ ಬಡಗಿ ಇಬ್ಬರೂ ಒಟ್ಟಿಗೆ ಕೂತು ಕುಪ್ಪಳಿಸಿ ಪರೀಕ್ಷೆ ಮಾಡಿದ್ದೇವೆ. ಅಂದಿನಿಂದ ಎಲ್ಲರ ಬಾಯಲ್ಲೂ ನಾನು ಕುರ್ಚಿಯಣ್ಣ.

ಕೂಟ ನಡೆಸುವವರು ಲೈಬ್ರರಿಯಿಂದ ನಿವೃತ್ತರಾದ ಒಬ್ಬ ಮೇಡಂ. ಆಪರೇಷನ್ ಆಗಿ ಏಳು ವರ್ಷ, ಸ್ವರ ಮಾತ್ರ ಇನ್ನೂ ಲೈಬ್ರರಿಯದೇ; ಅವರು ಮೆಲ್ಲಗೆ ಮಾತಾಡಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಅವರು ಹಾಕಿದ ಕಾನೂನು ಎರಡೇ ಇದ್ದವು. ಎಷ್ಟು ಕೆಜಿ ಇಳಿದೆ ಎಂದು ಯಾರೂ ಯಾರನ್ನೂ ಕೇಳಬಾರದು, ಕೇಳಿದರೆ ಇಳಿಯದವರು ಮುಂದಿನ ವಾರ ಬರುವುದಿಲ್ಲ. ಕೇಳಬೇಕಾದದ್ದು, ಹೋದ ತಿಂಗಳು ಆಗದೇ ಇದ್ದದ್ದು ಈ ತಿಂಗಳು ಏನಾಯಿತು ಎಂದು. ಬರುವ ಉತ್ತರಗಳನ್ನು ನೀನು ಕೇಳಬೇಕು. ಒಬ್ಬರು ಬಗ್ಗಿ ತಮ್ಮ ಕಾಲುಗುರನ್ನು ತಾವೇ ಕತ್ತರಿಸಿಕೊಂಡರು. ಇನ್ನೊಬ್ಬರು ಮಗಳ ಶಾಲೆಯ ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತಿದರು. ಒಬ್ಬ ಹೆಂಗಸು, ನಿನ್ನ ವಯಸ್ಸಿನವಳೇ, ಬಸ್ಸಿನಲ್ಲಿ ತನ್ನ ಪಕ್ಕದ ಸೀಟಿಗೆ ಯಾರೋ ಬಂದು ಕೂತರು ಎಂದಳು. ಅಷ್ಟೇ ಹೇಳಿದ್ದು. ಹಾಲಿನಲ್ಲಿದ್ದ ಯಾರಿಗೂ ಅದರ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ಎರಡನೇ ಕಾನೂನು, ಧೈರ್ಯ ಹೇಳಬಹುದು, ಸುಳ್ಳು ಹೇಳಬಾರದು. ಕೂದಲು ಉದುರುತ್ತದೆ ಎಂದರೆ ಉದುರುತ್ತದೆ ಎನ್ನಬೇಕು; ಸಾಮಾನ್ಯವಾಗಿ ಮತ್ತೆ ಬರುತ್ತದೆ ಎನ್ನುವುದನ್ನೂ ಸೇರಿಸಬೇಕು. ನನ್ನ ವಿಷಯದಲ್ಲಿ ಮೊದಲೇ ದಾಸ್ತಾನು ಖಾಲಿ, ಹಾಗಾಗಿ ಆ ಪ್ರಶ್ನೆಗೆ ಉತ್ತರ ಹೇಳುವ ಕೆಲಸ ನನಗೆ ಕೊಡುವುದಿಲ್ಲ.

ಇನ್ನೊಂದು ಪದ್ಧತಿ ಇದೆ. ಹೊಸಬರಿಗೆ ಹಳಬರಲ್ಲಿ ಒಬ್ಬರು ಜೋಡಿ. ಆಪರೇಷನ್ ಆದ ಮೇಲೆ ಮೊದಲ ಹದಿನೈದು ದಿನ ಬರೀ ನೀರಿನಂಥದ್ದು ತಾನೆ? ಆ ಹದಿನೈದು ದಿನ ಜೋಡಿಯೂ ಒಂದು ಹೊತ್ತು ಅದನ್ನೇ ಕುಡಿಯಬೇಕು. ಮಧ್ಯಾಹ್ನ ಫೋನು ಹಚ್ಚಿ, ಇಬ್ಬರೂ ಔಷಧಿ ಅಳೆಯುವ ಪುಟ್ಟ ಕಪ್ಪಿನಲ್ಲಿ ಸೋಸಿದ ಸೂಪು ಹಿಡಿದು, ಮಾತಾಡುತ್ತ ಗುಟುಕು ಗುಟುಕಾಗಿ ಮುಗಿಸಬೇಕು. ಮಾತಾಡುವವರು ಗಟಗಟ ಕುಡಿಯಲಾರರು, ಅದೇ ಇದರ ಗುಟ್ಟು. ಈ ಕೆಲಸಕ್ಕೆ ನನಗಿಂತ ಯೋಗ್ಯರು ಯಾರಿದ್ದಾರೆ? ನಮ್ಮನೆಯವರಿಗೆ ಸೂಪು ನೆಪ, ಒಂದು ಕಿವಿ ಸಿಕ್ಕಿದ್ದೇ ಲಾಭ ಎಂದು ನಿನ್ನ ಅತ್ತಿಗೆ ಎಲ್ಲರಿಗೂ ಹೇಳಿಕೊಂಡು ಬರುತ್ತಾಳೆ.

ಹೋದ ವರ್ಷ ನನಗೆ ಜೋಡಿಯಾದವನು ಒಬ್ಬ ಲಿಫ್ಟ್ ರಿಪೇರಿಯವನು. ನಲವತ್ತರ ಆಸುಪಾಸು, ಮಾತು ಕಡಿಮೆ. ಲಿಫ್ಟಿನ ಸೂರಿನಲ್ಲಿ ಒಂದು ಚೌಕದ ಕಿಂಡಿ ಇರುತ್ತದಲ್ಲ, ಅದರಲ್ಲಿ ತೂರಿ ಮೇಲೆ ಹತ್ತಿ ಹಗ್ಗ, ಗಾಲಿ ನೋಡುವುದು ಅವನ ಕೆಲಸ. ವರ್ಷದಿಂದ ವರ್ಷಕ್ಕೆ ಕಿಂಡಿಗಳನ್ನು ಚಿಕ್ಕದಾಗಿ ಮಾಡುತ್ತಿದ್ದಾರೆ ಎಂದು ಅವನು ಕಂಪನಿಗಳನ್ನು ಬೈಯುತ್ತಿದ್ದನಂತೆ. ಒಂದು ದಿನ ಅರ್ಧ ಮೇಲೆ ಅರ್ಧ ಕೆಳಗೆ ಸಿಕ್ಕಿಕೊಂಡ. ಜೊತೆಯ ಕೆಲಸದವರು ಕಾಲು ಹಿಡಿದು ಎಳೆದು ಇಳಿಸಬೇಕಾಯಿತು. ಆ ವಾರವೇ ಡಾಕ್ಟರ ಹತ್ತಿರ ಹೋದ. ಆದರೆ ಹೆಂಡತಿಗೂ ಕೆಲಸದವರಿಗೂ ಅವನು ಹೇಳಿದ್ದು ಪಿತ್ತಕೋಶದ ಕಲ್ಲು ಎಂದು. ನೋಡಿದೆಯಾ, ಕಲ್ಲು ನಿನ್ನೊಬ್ಬಳ ಸೊತ್ತಲ್ಲ. ಹೊಟ್ಟೆಯ ಮೇಲಿನ ಸಣ್ಣ ಸಣ್ಣ ಗುರುತು ಎರಡಕ್ಕೂ ಹೆಚ್ಚುಕಡಿಮೆ ಒಂದೇ ತರಹ, ಕೆಲವೇ ದಿನದಲ್ಲಿ ಮನೆ. ಸುಳ್ಳಿಗೆ ಇಷ್ಟು ಅಳತೆಗೆ ಹೊಲಿದ ಅಂಗಿ ಬೇರೆ ಸಿಗುವುದಿಲ್ಲ. ನಮ್ಮ ಕೂಟದವರ ಕಲ್ಲುಗಳನ್ನೆಲ್ಲ ಸೇರಿಸಿದರೆ ಒಂದು ಕಾಂಪೌಂಡು ಕಟ್ಟಬಹುದು. ಕೂಟದ ಮಾತು ಹೊರಗೆ ಹೋಗಬಾರದು ಎಂದು ನಾವೆಲ್ಲ ಒಬ್ಬರಿಗೊಬ್ಬರು ಮಾತು ಕೊಟ್ಟಿದ್ದೇವೆ. ನಾನೂ ಬಾಯಿ ಹೊಲಿದುಕೊಂಡೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಅವನ ಹೆಂಡತಿ ಮಕ್ಕಳ ಬಟ್ಟೆ ಹೊಲಿಯುವವಳು, ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ನು, ನೆಲದ ತುಂಬ ಬಣ್ಣ ಬಣ್ಣದ ಚಿಂದಿ. ನಾನು ನೋಡಲು ಹೋದಾಗ ಮಿಷನ್ ನಿಲ್ಲಿಸಿ, ಟೀ ಮಾಡಿ ತಂದು, ತನ್ನ ಚಿಂತೆ ಹೇಳಿಕೊಂಡಳು. ಇದೇ ಕಲ್ಲು ತೆಗೆಸಿದ್ದ ಅವಳ ದೊಡ್ಡಪ್ಪ ವಾರದೊಳಗೆ ಎಲ್ಲ ತಿನ್ನುತ್ತಿದ್ದರಂತೆ. ಇವನು ನೋಡಿದರೆ ಹತ್ತು ದಿನವಾದರೂ ನೀರು, ಸೂಪು, ಮತ್ತೆ ನೀರು. ನನ್ನ ಅಡುಗೆಯೇ ಸೇರುತ್ತಿಲ್ಲವೇನೋ ಅಣ್ಣ ಎಂದಳು. ಅವನು ಮಂಚದ ಮೇಲಿಂದ ನನ್ನನ್ನು ನೋಡಿದ. ನಾನು ಟೀ ಲೋಟವನ್ನು ನೋಡಿದೆ. ಕಲ್ಲುಗಳಲ್ಲೂ ತರಾವರಿ ಇರುತ್ತವಮ್ಮ ಎಂದು ಏನೋ ಹೇಳಿ ಎದ್ದು ಬಂದೆ.

ಅದಾದ ಎರಡನೇ ದಿನ ಆಕೆ ಕೋಳಿ ಹುರಿದಳು. ಮುಖ ಬಾಡಿದೆ, ಮೈಯಲ್ಲಿ ಶಕ್ತಿ ಇಲ್ಲ, ನಾಲ್ಕು ತುತ್ತು ಒಳಗೆ ಹೋದರೆ ಚೇತರಿಸಿಕೊಳ್ಳುತ್ತಾರೆ ಎನ್ನುವ ಪ್ರೀತಿ. ಮೂಳೆ ಬಿಡಿಸಿ, ಸಣ್ಣಗೆ ಹರಿದು, ತಟ್ಟೆ ಹಿಡಿದು ಮಂಚದ ಪಕ್ಕ ಕೂತಳು. ಬೇಡ ಎಂದ. ಅವಳ ಕಣ್ಣು ತುಂಬಿಕೊಂಡಿತು. ಬೇಡ ಎನ್ನಲು ಅವನ ಹತ್ತಿರ ಕಾರಣ ಇರಲಿಲ್ಲ ನೋಡು. ಇದ್ದ ಒಂದೇ ಕಾರಣವನ್ನು ತಾನೇ ಬೀಗ ಹಾಕಿ ಇಟ್ಟಿದ್ದ. ಅವಳ ಕೈಯಿಂದ ನಾಲ್ಕು ತುತ್ತು ತಿಂದ. ಹೊಲಿಗೆ ಇನ್ನೂ ಹಸಿಯಾಗಿರುವ, ಬಾಳೆಹಣ್ಣಿನಷ್ಟು ಸಪೂರದ ಹೊಟ್ಟೆ ಅದು. ಅರ್ಧ ಗಂಟೆಯಲ್ಲಿ ಎದೆ ಹಿಡಿದುಕೊಂಡು ಬಚ್ಚಲಿನ ನೆಲದ ಮೇಲೆ ಕೂತಿದ್ದ.

ಆಕೆ ಅವನನ್ನು ಬೀದಿಯ ಕೊನೆಯ ಕ್ಲಿನಿಕ್ಕಿಗೆ ಕರೆದೊಯ್ದಳು. ಅಲ್ಲಿನ ಡಾಕ್ಟರು ಸರಿಯಾಗಿಯೇ ಕೇಳಿದರು, ಯಾವ ಆಪರೇಷನ್ ಆಗಿದೆ ಎಂದು. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಅವನು ಪಿತ್ತಕೋಶದ ಕಲ್ಲು ಎಂದ. ಪುಟ್ಟಿ, ಇಲ್ಲಿ ಒಂದು ನಿಮಿಷ ನಿಲ್ಲು. ನೋವಿಗೆ ಅಂಗಿಯೆಲ್ಲ ಒದ್ದೆಯಾಗುವ ಹಾಗೆ ಬೆವರುತ್ತಿದ್ದವನು, ತನ್ನನ್ನು ಉಳಿಸಬೇಕಾದ ಡಾಕ್ಟರ ಮುಂದೆ ಕೂತು, ಸುಳ್ಳು ಹೇಳಿದ. ಅವನು ದಡ್ಡನಲ್ಲ. ಲಿಫ್ಟಿನ ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲ ಎಂದು ಹೇಳುವವನು. ಆದರೆ ಸುಳ್ಳು ಒಂದು ಸಲ ಮನೆಯೊಳಗೆ ಬಂದು ಕಾಲು ಚಾಚಿ ಕೂತಿತೆಂದರೆ ಅದನ್ನು ಎಬ್ಬಿಸುವುದು ಅಷ್ಟು ಕಷ್ಟ. ಡಾಕ್ಟರು ಪಾಪ, ಕಲ್ಲಿನ ಲೆಕ್ಕದಲ್ಲೇ ಗ್ಯಾಸಿನ ಮಾತ್ರೆ ಕೊಟ್ಟು ಮಲಗಿಸಿ ಎಂದರು.

ಆಕೆಗೆ ಸಮಾಧಾನವಾಗಲಿಲ್ಲ, ನನಗೆ ಫೋನು ಮಾಡಿದಳು. ನಾನು ಒಬ್ಬರ ಮನೆಗೆ ಸೋಫಾ ಇಳಿಸುತ್ತಿದ್ದೆ. ಅರ್ಧ ಇಳಿದಿತ್ತು, ಉಳಿದರ್ಧವನ್ನು ಗಾಡಿಯಲ್ಲೇ ಇಟ್ಟುಕೊಂಡು ಹೋದೆ. ಮುಂದಿನ ಸೀಟಿನಲ್ಲಿ ನಡುವೆ ಅವನು, ಆ ಕಡೆ ಆಕೆ, ಈ ಕಡೆ ನಾನು. ಆಪರೇಷನ್ ಮಾಡಿದ ದೊಡ್ಡಾಸ್ಪತ್ರೆಯ ಕಡೆಗೆ ಗಾಡಿ ತಿರುಗಿಸಿದೆ. ಗ್ಯಾಸ್ ಎಂದರಲ್ಲ ಅಣ್ಣ, ಅಷ್ಟು ದೂರ ಯಾಕೆ ಎಂದು ಆಕೆ ಕೇಳಿದಳು. ಅವನು ನನ್ನ ತೋಳು ಹಿಡಿದುಕೊಂಡ. ಬಾಯಿ ಬಿಡಬೇಡ ಎನ್ನುವುದು ಆ ಹಿಡಿತದಲ್ಲೇ ಇತ್ತು. ಮುಂದೆ ಕೆಂಪು ದೀಪ, ಗಾಡಿ ನಿಂತಿತ್ತು. ಕೂಟದಲ್ಲಿ ಕೊಟ್ಟ ಮಾತನ್ನು ತಕ್ಕಡಿಯ ಒಂದು ಕಡೆ ಇಟ್ಟೆ, ನನ್ನ ತೋಳಿಗೆ ಅಂಟಿದ್ದ ಅವನ ಬೆವರನ್ನು ಇನ್ನೊಂದು ಕಡೆ.

"ಕಲ್ಲು ಅಲ್ಲಮ್ಮ," ಎಂದೆ. "ಹೊಟ್ಟೆ ಕತ್ತರಿಸಿ ಚಿಕ್ಕದು ಮಾಡಿದಾರೆ. ನನಗೆ ಮಾಡಿದ್ದನ್ನೇ ಇವನಿಗೂ ಮಾಡಿದಾರೆ. ಗಟ್ಟಿ ಪದಾರ್ಥ ಇನ್ನೂ ತಿನ್ನೋ ಹಾಗಿಲ್ಲ."

ಆಕೆ ತನ್ನ ಬಲಗೈಯ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ಆ ಕೈಯನ್ನು ಎಡಗೈಯಿಂದ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ಆಸ್ಪತ್ರೆ ಬರುವ ತನಕ ಹಾಗೇ ಕೂತಿದ್ದಳು.

ಹೊಲಿಗೆ ಬಿಟ್ಟಿರಲಿಲ್ಲ, ಅದೊಂದು ಪುಣ್ಯ. ಸ್ಕ್ಯಾನು ಮಾಡಿ, ಡ್ರಿಪ್ಪು ಹಾಕಿ, ಎರಡು ದಿನ ಇಟ್ಟುಕೊಂಡು ಕಳಿಸಿದರು. ಇನ್ನು ನನಗಾದ ಸನ್ಮಾನ ಕೇಳು. ಗಂಡನಿಗೆ ಒಂದು ಮಾತೂ ಅನ್ನದ ಆಕೆ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. "ನಿಮಗೆ ಗೊತ್ತಿತ್ತು. ನನ್ನ ಮನೇಲಿ ಕೂತು ನಾನು ಕೊಟ್ಟ ಟೀ ಕುಡಿದ್ರಿ. ಹೇಳಿದ್ರೆ ನಾನು ಸೋಸಿ ಕೊಡ್ತಿರಲಿಲ್ವಾ? ಇದನ್ನ ನನ್ನ ಕೈಯಿಂದಾನೇ ಮಾಡಿಸಿದ್ರಲ್ಲ." ಅವಳ ಸ್ವರ ಏರಲೂ ಇಲ್ಲ. ಲಿಫ್ಟಿನವನೂ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಸುದ್ದಿ ಅವನ ಕೆಲಸದ ಜಾಗಕ್ಕೂ ಹೋಯಿತು; ಈಗಲೂ ಒಬ್ಬಿಬ್ಬರು ಅವನನ್ನು ಅರ್ಧಹೊಟ್ಟೆ ಎಂದು ಕರೆಯುತ್ತಾರೆ. ನಿಜ ಹೇಳಿದವರಿಗೆಲ್ಲ ಹಾರ ಬೀಳುತ್ತದೆ ಎಂದು ನಿನಗೆ ಆಸೆ ಹಚ್ಚುವುದಿಲ್ಲ. ಅವನಿಗೆ ಬಿದ್ದದ್ದು ಅಡ್ಡಹೆಸರು.

ನಾನು ಮಾತು ಮುರಿದೆ ಎಂದು ಲೈಬ್ರರಿ ಮೇಡಂ ಮುಂದೆ ಹೋಗಿ ನಿಂತೆ. ಕೂಟದಿಂದ ಹೊರಗೆ ಹಾಕುತ್ತಾರೆ, ಕುರ್ಚಿಗಳನ್ನಾದರೂ ಇಟ್ಟುಕೊಳ್ಳಿ ಎನ್ನೋಣ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅವನ ದೇಹ, ಅವನ ಸುದ್ದಿ. ಊರಿಗೆಲ್ಲ ಹೇಳಬೇಕಾಗಿಲ್ಲ. ಆದರೆ ತಟ್ಟೆ ಇಡೋ ಕೈಗೆ ಗೊತ್ತಿರಬೇಕು," ಎಂದರು. ಅದೇ ಈಗ ನಮ್ಮ ಮೂರನೇ ಕಾನೂನು. ಯಾರೇ ಹೊಸಬರು ಬರಲಿ, ಅವರ ಮನೆಯಲ್ಲಿ ಬಡಿಸುವವರು ಯಾರೋ ಅವರು ಆಪರೇಷನ್ನಿಗೆ ಮೊದಲು ಒಂದು ಸಲ ಬಂದು ನಮ್ಮ ಜೊತೆ ಕೂರಬೇಕು. ಕೆಲವರ ಮನೆಯಲ್ಲಿ ಅದು ಹೆಂಡತಿ, ಕೆಲವರಲ್ಲಿ ತಮ್ಮ. ಒಬ್ಬರು ಹಾಸ್ಟೆಲಿನ ಅಡುಗೆಯವರನ್ನೇ ಕರೆದುಕೊಂಡು ಬಂದರು.

ಲಿಫ್ಟಿನವನ ಹೆಂಡತಿಯೂ ಬಂದಳು, ಎರಡು ತಿಂಗಳಾದ ಮೇಲೆ. ಮೊದಲ ಸಲ ಅಂಗಡಿಯ ಮುಂದಿನ ಭಾಗದಲ್ಲೇ ನಿಂತು, ಕೊಳ್ಳಲು ಬಂದವಳ ಹಾಗೆ ಒಂದು ಬೀರುವಿನ ಬಾಗಿಲನ್ನು ತೆಗೆದು ಹಾಕಿ ನೋಡಿ ಹೋದಳು. ಮುಂದಿನ ಸಲ ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು. ಮೇಡಂ ಸರದಿಯಂತೆ ಎಲ್ಲರನ್ನೂ ಕೇಳುತ್ತ ಬಂದು ಅವಳನ್ನೂ ಕೇಳಿಬಿಟ್ಟರು, ಹೋದ ತಿಂಗಳು ಆಗದೇ ಇದ್ದದ್ದು ಈ ತಿಂಗಳು ಏನಾಯಿತು ಎಂದು. ನಾನು ಆಪರೇಷನ್ ಆದವಳಲ್ಲ ಎಂದು ತಲೆ ಅಲ್ಲಾಡಿಸಿದಳು. ಮೇಡಂ ಮುಂದಿನವರ ಕಡೆ ತಿರುಗುವಷ್ಟರಲ್ಲಿ ತಾನಾಗಿಯೇ ಹೇಳಿದಳು: "ಇವರಿಗೆ ತಟ್ಟೆ ಇಡುವಾಗ ಕೈ ನಡುಗ್ತಿತ್ತು. ಈ ತಿಂಗಳು ನಡುಗ್ಲಿಲ್ಲ." ಲಿಫ್ಟಿನವನು ನೆಲ ನೋಡುತ್ತ ಕೂತಿದ್ದ. ಅಂದಿನಿಂದ ನನ್ನ ಜೊತೆ ಮತ್ತೆ ಮಾತಾಡುತ್ತಾನೆ. ಕಿಂಡಿಗಳನ್ನು ಈಗೀಗ ಕಂಪನಿಯವರು ಅಗಲ ಮಾಡುತ್ತಿದ್ದಾರಂತೆ.

ನಾನು ಲ್ಯಾಬಿನವಳು, ನನಗೆ ಎಲ್ಲ ಗೊತ್ತು, ನನ್ನ ಬಾಯಿ ನಾನು ನೋಡಿಕೊಳ್ಳುತ್ತೇನೆ ಎಂದು ನೀನು ಹೇಳುತ್ತೀಯ. ಗೊತ್ತಿರುವುದು ನಿನಗೆ, ಬಡಿಸುವುದು ನೀನಲ್ಲ. ನಿಮ್ಮ ಮನೆಯ ಅಡುಗೆಮನೆ ನಿಮ್ಮತ್ತೆಯ ರಾಜ್ಯ. ಅವರು ತಟ್ಟೆ ಹಿಡಿದು ಎದುರು ನಿಂತರೆ ಬೇಡ ಎಂದವರನ್ನು ನಾನಂತೂ ಕಂಡಿಲ್ಲ, ನಿನ್ನ ಯಜಮಾನರನ್ನೂ ಸೇರಿಸಿ. ಮೂರನೇ ವಾರದ ವಿಷಯವೂ ಹೇಳಿಬಿಡುತ್ತೇನೆ, ಯಾರೂ ಹೇಳುವುದಿಲ್ಲ. ಯಾವುದೋ ಮನೆಯಲ್ಲಿ ಬ್ರೆಡ್ಡು ಕಾಯಿಸುವ ವಾಸನೆ ಬಂದರೆ ಅಳು ಬರುತ್ತದೆ. ಐವತ್ತೆರಡು ವರ್ಷದ ಗಂಡಸು ನಾನು, ಒಂದು ತುಂಡು ಬ್ರೆಡ್ಡಿಗಾಗಿ ಮೆಟ್ಟಿಲ ಮೇಲೆ ಕೂತು ಅತ್ತಿದ್ದೇನೆ. ನಿನ್ನ ಅತ್ತಿಗೆ ಪಕ್ಕದಲ್ಲಿ ಬಂದು ಕೂತಳು, ಯಾಕೆ ಎಂದು ಕೇಳಲಿಲ್ಲ, ಅವಳಿಗೆ ಗೊತ್ತಿತ್ತು. ನೀನು ಅತ್ತರೆ ಯಾಕೆ ಎಂದು ಕೇಳುತ್ತಾರೆ. ಕಲ್ಲು ತೆಗೆಸಿದವಳು ಬ್ರೆಡ್ಡಿಗೆ ಯಾಕೆ ಅಳುತ್ತಾಳೆ? ಆಮೇಲೆ ಇನ್ನೊಂದು ಸುಳ್ಳು, ಅದಕ್ಕೆ ಆಸರೆಯಾಗಿ ಮತ್ತೊಂದು. ಕಲ್ಲಿನವರಿಗೆ ಜನ ಒಂದು ತಿಂಗಳು ರಿಯಾಯಿತಿ ಕೊಡುತ್ತಾರೆ. ನಿನಗೆ ಬೇಕಾದದ್ದು ಜನ್ಮವಿಡೀ.

ಎಲ್ಲರಿಗೂ ಹೇಳು ಎನ್ನುತ್ತಿಲ್ಲ. ಲ್ಯಾಬಿನವರಿಗೆ ಕಲ್ಲೇ ಇರಲಿ. ಬೇಕಾದರೆ ನಾನೂ ಸಾಕ್ಷಿ ಹೇಳುತ್ತೇನೆ, ಕಡಲೆ ಗಾತ್ರದ್ದಿತ್ತು, ನಾನೇ ಕಣ್ಣಾರೆ ನೋಡಿದೆ ಎಂದು. ಮನೆಯಲ್ಲಿ ಮಾತ್ರ ನಿಮ್ಮತ್ತೆಗೆ ಹೇಳು. ಹೌದು, ಮೊದಲು ಅವರಿಗೆ, ಯಜಮಾನರಿಗೆ ಆಮೇಲೆ. ಈ ಸಾಲಿಗೆ ಬಂದು ನೀನು ಕಾಗದ ಮಡಿಚಿಟ್ಟಿರುತ್ತೀಯ, ಬಿಚ್ಚು. ಅವರ ನಾಲಿಗೆ ಎಂಥದ್ದೆಂದು ನನಗೂ ಗೊತ್ತು. ಆದರೆ ಅವರು ಏನೇನು ಅನ್ನಬಹುದೋ ಅದನ್ನೆಲ್ಲ ನೀನು ನಿನಗೇ ಎಷ್ಟೋ ವರ್ಷದಿಂದ ಅಂದುಕೊಳ್ಳುತ್ತಿದ್ದೀಯ. ಹೊಸ ಮಾಲು ಅವರ ಹತ್ತಿರ ಏನೂ ಇರಲಾರದು. ನಾನು ಆಪರೇಷನ್ನಿನ ಹಿಂದಿನ ದಿನವೇ ಅಲ್ಲಿಗೆ ಬರುತ್ತೇನೆ, ಥಿಯೇಟರಿನ ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ. ಬೆಂಚು ಸರಿಯಿಲ್ಲದಿದ್ದರೆ ನನ್ನದೇ ಒಂದನ್ನು ಹೊತ್ತು ತರುತ್ತೇನೆ. ಆಮೇಲಿನ ಹದಿನೈದು ದಿನ ಮಧ್ಯಾಹ್ನದ ಸೂಪಿಗೆ ನಾನೇ ನಿನ್ನ ಜೋಡಿ. ದೂರದ ಊರಿನ ಒಬ್ಬರಿಗೆ ಫೋನಿನಲ್ಲೇ ಜೋಡಿಯಾಗಬಹುದೆ ಎಂದು ಮೇಡಂ ಅವರನ್ನು ಕೇಳಿದೆ, ಹೆಸರು ಹೇಳಲಿಲ್ಲ. ಧಾರಾಳವಾಗಿ ಆಗಬಹುದು ಎಂದವರೇ, ನಿಮ್ಮ ತಂಗಿ ಹೇಗಿದ್ದಾರೆ ಎಂದು ಕೇಳಿದರು.

ಹೆದರಿಕೆ ಆಗುತ್ತದೆ, ಆಗಲಿ. ನನಗೂ ಆಗಿತ್ತು, ಥಿಯೇಟರಿನ ಬಾಗಿಲಲ್ಲಿ ಸ್ಟ್ರೆಚರ್ ತಳ್ಳುವವನಿಗೆ ಅದರ ಗಾಲಿಗೆ ಎಣ್ಣೆ ಹಾಕುವುದು ಹೇಗೆ ಎಂದು ಉಪದೇಶ ಮಾಡುತ್ತಿದ್ದೆನಂತೆ, ಹೆದರಿಕೆಗೆ. ಸೂಜಿ ಕಂಡರೆ ಕಿರುಚುವ ಮಕ್ಕಳು ನಿನ್ನ ಮುಖ ನೋಡಿ ಕೈ ಚಾಚುತ್ತವೆ. ಆ ಮುಖವನ್ನು ಕನ್ನಡಿಯಲ್ಲಿ ನೀನೂ ಒಮ್ಮೆ ನೋಡಿಕೋ. ಮಕ್ಕಳಿಗೆ ಮಾವನ ಮುತ್ತು, ಯಜಮಾನರಿಗೆ ನಮಸ್ಕಾರ, ನಿಮ್ಮತ್ತೆಗೆ ಎರಡು ನಮಸ್ಕಾರ. ನಿನ್ನ ಅತ್ತಿಗೆ ಸೀನುತ್ತಲೇ ನಿನಗೆ ಆಶೀರ್ವಾದ ಕಳಿಸಿದ್ದಾಳೆ. ಚೆನ್ನಾಗಿ ಹೋಗಿ ಚೆನ್ನಾಗಿ ಬಾ, ಕಂದ.

ನಿನ್ನ ಅಣ್ಣ,
ಹಳೇ ಕುರ್ಚಿ ವ್ಯಾಪಾರಿ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಫೋನು ಬಂತು. ನಿಮ್ಮತ್ತೆ. ಈ ಮೂರು ವರ್ಷದಲ್ಲಿ ಅವರು ನನಗೆ ಫೋನು ಮಾಡಿದ್ದೇ ಇಲ್ಲ. ಕ್ಷೇಮ ಸಮಾಚಾರವೂ ಇಲ್ಲದೆ, "ಕಲ್ಲಿನ ಆಪರೇಷನ್ನಿಗೆ ಹದಿನೈದು ದಿನ ಮುಂಚೆಯಿಂದಲೇ ಊಟ ಬಿಡ್ತಾರಾ?" ಎಂದರು. ನೀನು ತಟ್ಟೆಯದ್ದನ್ನು ಡಬ್ಬಿಗೆ ಸುರಿದುಕೊಂಡು ಹೋಗುವುದು, ನಮ್ಮ ಆಪರೇಷನ್ನಿಗೆ ಮುಂಚೆ ಊಟದ ಬದಲು ಕೊಡುವ ಆ ಪುಡಿಯನ್ನು ಬಾಗಿಲ ಹಿಂದೆ ನಿಂತು ಕಲಸಿ ಕುಡಿಯುವುದು ಎಲ್ಲ ನೋಡಿದ್ದಾರೆ. ನಾನು ಸುಮ್ಮನಿದ್ದೆ. ನಾನು ಸುಮ್ಮನಿದ್ದರೆ ಅದೇ ಉತ್ತರ ಎಂದು ಅವರಿಗೆ ಗೊತ್ತಾಗದೆ ಇರುತ್ತದೆಯೆ? ಆಮೇಲೆ ಕೇಳಿದರು, "ಸೂಪನ್ನ ಬಟ್ಟೇಲಿ ಸೋಸಬೇಕಾ, ಜರಡೀಲಿ ಸಾಕಾ? ಅವಳನ್ನ ಕೇಳಿದ್ರೆ ಮುಚ್ಚಿಡ್ತಾಳೆ. ಅವತ್ತು ನಾನು ನಿಮಗೆ ಅಂದಿದ್ದು ಅವಳು ಮರೆತಿಲ್ಲ." ಮೊದಲ ವಾರ ಬಟ್ಟೆ, ಆಮೇಲೆ ಜರಡಿ ಎಂದೆ. ತಮಗೆ ಗೊತ್ತಿದೆ ಎಂದು ನಿನಗೆ ತಿಳಿಸಬಾರದಂತೆ, ಅವಳಾಗಿಯೇ ಹೇಳಲಿ ಎಂದರು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅವರು ಹೂಂ ಎಂದು ಹಿಡಿದುಕೊಂಡಿದ್ದರೆ ಅದು ಅವರ ಲೆಕ್ಕ. ಇವತ್ತೇ ಮನೆಗೆ ಹೋಗಿ ಹೇಳು. ಮೊದಲು ಬೈಯುತ್ತಾರೆ, ಬೈಸಿಕೋ. ಈಗಷ್ಟೇ ಕೇಳಿದವರ ಹಾಗೆ ಆಶ್ಚರ್ಯಪಡುತ್ತಾರೆ, ಪಡಲಿ. ಆಮೇಲೆ, ಸೂಪನ್ನು ಹೇಗೆ ಸೋಸಬೇಕು ಎಂದು ಕೇಳುತ್ತಾರೆ. ನನ್ನ ಹೆಸರು ಎತ್ತಬೇಡ. ನೀನೇ ಹೇಳಿಕೊಡು.